ಮೂರು ಕಾರ್ಬ್ಯುರೇಟರಿನ ಕಾರು

ಇಲ್ಲಿ ಜಪಾನಿನಲ್ಲಿ, ಫುನಾಬೊರಿಯಲ್ಲಿರುವ ನನ್ನ ಗೆಳತಿಯ ಮಗಳು ಸಾನ್ವಿ ಈ ಏಪ್ರಿಲ್‌ನಲ್ಲಿ ವಾಹನ ದುರಸ್ತಿ ಕಲಿಸುವ ಕಾಲೇಜಿಗೆ ಸೇರಿದಳು. ಅವಳಿಗೆ ಹೊಸ ಕಾರುಗಳಿಗಿಂತ ಹಳೆಯ ಅಮೆರಿಕನ್ ಕಾರುಗಳ ಮೇಲೆ ಮನಸ್ಸು. ಅವರ ಮನೆಗೆ ಊಟಕ್ಕೆ ಹೋಗಿದ್ದಾಗ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದಳು.

"ಆಂಟಿ, ನೀವು ಅಷ್ಟು ವರ್ಷ ಆ ಗ್ಯಾರೇಜಲ್ಲಿ ಇದ್ರಲ್ಲ, ಆಕ್ಚುಯಲಿ ಏನ್ ಕೆಲ್ಸ ಇರತ್ತೆ ಅಲ್ಲಿ? ವೀಡಿಯೋಲಿ ನೋಡಿದ್ರೆ ಬರೀ ಹೊಗೆ, ಸೌಂಡು."

"ತೊಳೆಯೋದು ಕಣೆ," ಎಂದೆ. "ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ತೊಳೆಯೋದು. ಏನನ್ನ ತೊಳೀಬಾರದು ಅಂತ ಗೊತ್ತಾಗೋ ಹೊತ್ತಿಗೆ ರಿಟೈರ್ ಆಗಿರ್ತೀಯ."

ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಊಟದ ಗಲಾಟೆಯಲ್ಲಿ ಬಿಡಿಸಿ ಹೇಳಲು ಆಗದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಕೈ ಹಾಕುವ ಇನ್ನಾರಿಗಾದರೂ ಉಪಯೋಗವಾದರೆ ಸಂತೋಷ.

ನಾನು ಗೃಹಿಣಿ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಲಿತದ್ದರಲ್ಲಿ ಮುಖ್ಯವಾದವು ಇಂಗ್ಲಿಷ್ ಮತ್ತು ಕಸೂತಿ. ನಮ್ಮ ಯಜಮಾನರಿಗೆ ತ್ಸುಕುಬಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು, ಬಂದೆವು, ಉಳಿದುಬಿಟ್ಟೆವು. ಬೆಳಿಗ್ಗೆ ಅವರು ಲ್ಯಾಬಿಗೆ, ಮಗಳು ಅನಘಾ ಶಾಲೆಗೆ ಸೈಕಲ್ ತುಳಿದುಕೊಂಡು ಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಎನ್ನುವ ಸದ್ದೊಂದೇ ಉಳಿಯುತ್ತಿತ್ತು. ಹಾಗಿರುವಾಗ ತರಕಾರಿ ಅಂಗಡಿಯ ಗೋಡೆಯ ಮೇಲೆ ಒಂದು ಚೀಟಿ ಕಂಡೆ. "ಇಂಗ್ಲಿಷ್ ಓದಬಲ್ಲವರು ಬೇಕು. ಕೈ ಕೊಳೆಯಾದರೆ ಬೇಸರಪಡದವರು." ಎರಡೂ ನನಗೆ ಒಪ್ಪುವ ಮಾತು ಎನಿಸಿತು.

ಗ್ಯಾರೇಜಿನ ಯಜಮಾನರು ಓನಿಶಿ-ಸಾನ್; 'ಸಾನ್' ಎಂದರೆ ಹೆಸರಿನ ಮುಂದೆ ಗೌರವಕ್ಕೆ ಸೇರಿಸುವ ಮಾತು. ನೀಲಿ ಮೇಲಂಗಿಗೆ ಇಸ್ತ್ರಿಯ ಗೆರೆ, ಹಿಂದಿನ ಜೇಬಿನಲ್ಲಿ ಯಾವಾಗಲೂ ಮಡಿಸಿಟ್ಟ ಬಿಳಿ ಬಟ್ಟೆ. ಹಳೆಯ ಅಮೆರಿಕನ್ ಕಾರುಗಳ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಆ ಸೀಮೆಗೇ ಹೆಸರಾದವರು, ಆದರೆ ಅವುಗಳ ದುರಸ್ತಿ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ನನ್ನನ್ನು ಕೂರಿಸಿ ಒಂದು ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟರು. ತಿರುಪನ್ನು 'ಸ್ನಗ್' ಆಗುವವರೆಗೆ ಬಿಗಿಯಿರಿ ಎಂದಿತ್ತು.

"ನಿಘಂಟಿನಲ್ಲಿ ನೋಡಿದೆ," ಎಂದರು. "ಬೆಚ್ಚಗೆ, ಹಾಯಾಗಿ ಎಂದಿದೆ. ತಿರುಪಿಗೆ ಹಾಯಾಗಿದೆಯೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು?"

ಚೀಲದಲ್ಲಿ ಆಗಷ್ಟೇ ಕೊಂಡ ಜಾಮ್ ಬಾಟಲಿ ಇತ್ತು. ಅದರ ಮುಚ್ಚಳ ತೆಗೆದು, ಮತ್ತೆ ಹಾಕಿ, ಅವರ ಕೈಗೆ ಕೊಟ್ಟೆ. "ಸೋರಬಾರದು. ನಾಳೆ ತೆಗೆಯುವವರ ಕೈ ನೋಯಬಾರದು. ಅಷ್ಟು."

ಅವರು ಮುಚ್ಚಳ ತೆಗೆದರು, ಹಾಕಿದರು, ಇನ್ನೊಮ್ಮೆ ತೆಗೆದರು. "ಸೋಮವಾರ ಬನ್ನಿ," ಎಂದರು. ಜಾಮ್ ಬಾಟಲಿಯನ್ನು ವಾಪಸು ಕೊಡಲು ಮರೆತರು, ನಾನೂ ಕೇಳಲಿಲ್ಲ.

ಕಾರ್ಬ್ಯುರೇಟರ್ ಎಂದರೇನೆಂದು ಸಾನ್ವಿಗೆ ಗೊತ್ತು. ಉಳಿದವರಿಗಾಗಿ ಒಂದು ಮಾತು. ಪೆಟ್ರೋಲನ್ನು ಗಾಳಿಯಲ್ಲಿ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಲೋಹದ ಪಾತ್ರೆ ಅದು. ಈಗಿನ ಕಾರುಗಳಲ್ಲಿ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಆ ಕಾಲದ ಅಮೆರಿಕನ್ ಕಂಪನಿಗಳು ಒಂದೇ ಕಾರನ್ನು ಎರಡು ಬಗೆಯಲ್ಲಿ ಮಾರುತ್ತಿದ್ದವು. ಸಾಮಾನ್ಯ ಎಂಜಿನ್ನು ಒಂದು. ಕೇಳಿದವರಿಗೆ, ಕಾರ್ಖಾನೆಯಲ್ಲೇ ಕೂರಿಸಿ ಕೊಡುವ ದೊಡ್ಡ ಬಲದ ಎಂಜಿನ್ನು ಇನ್ನೊಂದು. ಅದರ ಹಸಿವಿಗೆ ಒಂದು ಕಾರ್ಬ್ಯುರೇಟರ್ ಸಾಲದೆ ಎರಡು, ಕೆಲವಕ್ಕೆ ಮೂರು. ಹೊರಗಿನಿಂದ ನೋಡಿದರೆ ಏನೂ ತಿಳಿಯದು, ಸಂಸಾರಸ್ಥರ ಕಾರಿನ ಹಾಗೆ ಸುಮ್ಮನೆ ನಿಂತಿರುತ್ತದೆ. "ಗುಮಾಸ್ತನ ಕೋಟು ತೊಟ್ಟ ಸುಮೋ ಪೈಲ್ವಾನ," ಎನ್ನುತ್ತಿದ್ದರು ಓನಿಶಿ-ಸಾನ್.

ಪುಸ್ತಕ ಓದಲು ಹೋದವಳ ಕೈಗೆ ಬಹುಬೇಗ ಕುಂಚ ಬಂತು. ಕಾರ್ಬ್ಯುರೇಟರಿನೊಳಗೆ ಹಿತ್ತಾಳೆಯ ಪುಟ್ಟ ಜೆಟ್‌ಗಳಿರುತ್ತವೆ, ಪೆಟ್ರೋಲ್ ಹಾಯಲು ಸೂಜಿಯ ಕಣ್ಣಿನಷ್ಟು ತೂತು. ಅದನ್ನು ತಂತಿಯಿಂದ ಚುಚ್ಚಬಾರದು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಮೀನು ಹಿಡಿಯುವ ನೈಲಾನ್ ದಾರ ಹಾಯಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ನಮ್ಮ ಕಾನ್ವೆಂಟಿನ ಸಿಸ್ಟರ್ ಕಸೂತಿಗೆ ಮಾರ್ಕ್ಸ್ ಕೊಡುವಾಗ ಬಟ್ಟೆಯನ್ನು ಮಗುಚಿ ಹಿಂಬದಿಯನ್ನೇ ನೋಡುತ್ತಿದ್ದರು. ಆ ಅಭ್ಯಾಸ ನನಗೂ ಅಂಟಿತ್ತು. ಕೈಗೆ ಬಂದ ಭಾಗವನ್ನೆಲ್ಲ ಮೊದಲು ಮಗುಚುತ್ತಿದ್ದೆ. ಸೋರಿಕೆಯ ಕಲೆ ಯಾವಾಗಲೂ ಅಡಿಯಲ್ಲೇ ಇರುತ್ತದೆ.

ಇನ್ನೊಂದು ಪದ್ಧತಿಯನ್ನು ಇಲ್ಲಿನ ರೈಲು ನಿಲ್ದಾಣಗಳಲ್ಲಿ ನೀವೆಲ್ಲ ನೋಡಿರುತ್ತೀರಿ. ಕೆಲಸ ಮುಗಿದ ಮೇಲೆ ಅದನ್ನು ಬೆರಳಿಟ್ಟು ತೋರಿಸಿ, ಗಟ್ಟಿಯಾಗಿ "ಯೋಶಿ!" ಎನ್ನಬೇಕು. ಸರಿಯಾಗಿದೆ ಎಂದರ್ಥ. ಪೆಟ್ರೋಲ್ ಕೊಳವೆ ಬಿಗಿದೆ, ಯೋಶಿ. ಬ್ಯಾಟರಿ ತಂತಿ ಬಿಚ್ಚಿದೆ, ಯೋಶಿ. ಮೊದಮೊದಲು ನಾಚಿಕೆ. ಆಮೇಲೆ ಎಷ್ಟು ರೂಢಿಯಾಯಿತೆಂದರೆ ಒಂದು ದಿನ ಮನೆಯಲ್ಲಿ ಗ್ಯಾಸ್ ಒಲೆಯ ಕಡೆ ಕೈ ತೋರಿಸಿ ಕೂಗಿಬಿಟ್ಟೆ.

"ಅಮ್ಮ ಸ್ಟೇಷನ್ ಮಾಸ್ಟರ್ ಆಗ್ಬಿಟ್ಳು!" ಎಂದು ಅನಘಾ ಕುಣಿದಳು.

"ನನ್ನನ್ನೂ ಒಂದ್ಸಲ ಚೆಕ್ ಮಾಡೇ, ಇವತ್ತು ಮೀಟಿಂಗ್ ಇದೆ," ಎಂದರು ಇವರು, ಟೈ ಕಟ್ಟಿಕೊಳ್ಳುತ್ತ.

"ಗುಂಡಿ ಯೋಶಿ, ಟೈ ಯೋಶಿ. ಹೊಟ್ಟೆ ಮಾತ್ರ ಪುನಃ ವರ್ಕ್‌ಶಾಪಿಗೆ ಹೋಗ್ಬೇಕು ರೀ."

ಓನಿಶಿ-ಸಾನ್ ಎಂಥ ಮನುಷ್ಯ ಎಂದು ತಿಳಿಯಲು ಒಸಾಕಾದ ಗಿರಾಕಿಯ ಪ್ರಸಂಗ ಹೇಳಬೇಕು. ಆತನಿಗೆ ತನ್ನ ಎಂಜಿನ್ನು ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಕಾಣಬೇಕಿತ್ತು. ಆಗಿನ ಕಾರ್ಖಾನೆಯವರು ಎಂಜಿನ್ನಿಗೆ ಗಡಿಬಿಡಿಯಲ್ಲಿ ಬಣ್ಣ ಹೊಡೆಯುತ್ತಿದ್ದರು. ಅಲ್ಲಲ್ಲಿ ಇಳಿದ ಹನಿ, ಪಕ್ಕದ ಕೊಳವೆಗೆ ತಾಗಿದ ಕಲೆ. ಅವೆಲ್ಲ ಇರಬೇಕೆಂದು ಗಿರಾಕಿ ಫೋಟೋ ಸಮೇತ ಕೇಳಿದ. ಓನಿಶಿ-ಸಾನ್ ಒಂದಿಡೀ ದಿನ ಕೆಟ್ಟದಾಗಿ ಬಣ್ಣ ಹೊಡೆಯಲು ಪ್ರಯತ್ನಪಟ್ಟರು. ಅವರು ಇಳಿಬಿಟ್ಟ ಹನಿಯೂ ಮುತ್ತಿನ ಹಾಗೆ ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿತು. ಕೊನೆಗೆ ನನ್ನ ಕಡೆ ತಿರುಗಿದರು.

"ಶೋಭಾ-ಸಾನ್, ನಿಮಗೆ ಬಣ್ಣ ಹೊಡೆಯಲು ಬರುತ್ತದೆಯೇ?"

"ಇಲ್ಲ. ಒಮ್ಮೆಯೂ ಹೊಡೆದಿಲ್ಲ."

"ಬಹಳ ಒಳ್ಳೆಯದು. ನೀವೇ ಹೊಡೆಯಿರಿ."

ನಾನು ಹೊಡೆದೆ. ಗಿರಾಕಿ ಬಂದು ನೋಡಿ ಕಣ್ಣಲ್ಲಿ ನೀರು ತಂದುಕೊಂಡು, ಇದನ್ನು ಮಾಡಿದ ಕುಶಲಕರ್ಮಿ ಯಾರು ಎಂದು ಕೇಳಿದ. ಓನಿಶಿ-ಸಾನ್ ನನ್ನ ಹೆಸರು ಹೇಳಿದರು, ಆದರೆ ಆ ಎಂಜಿನ್ನು ಗ್ಯಾರೇಜಿನಲ್ಲಿದ್ದಷ್ಟು ದಿನ ಅದರ ಮೇಲೊಂದು ಬಟ್ಟೆ ಮುಚ್ಚಿಯೇ ಇಟ್ಟಿದ್ದರು.

ನಾನಿದ್ದಷ್ಟು ಕಾಲದಲ್ಲಿ ಕೆಲಸದ ರೀತಿ ಬಹಳ ಬದಲಾಯಿತು. ಮೊದಲು ಸೀಮೆಎಣ್ಣೆಯ ತಟ್ಟೆ, ಹಲ್ಲುಜ್ಜುವ ಬ್ರಷ್ಷು. ಆಮೇಲೆ ನೀರಿನಲ್ಲಿ ಕಂಪನ ಹುಟ್ಟಿಸಿ ಕೊಳೆ ಬಿಡಿಸುವ ಯಂತ್ರ. ಎರಡು ಭಾಗಗಳ ನಡುವೆ ಸೋರದಂತೆ ಹಾಕುವ ಗ್ಯಾಸ್ಕೆಟ್ಟನ್ನು ಮೊದಲು ನಾನೇ ಕಾಗದದ ಮೇಲೆ ಗೆರೆ ಎಳೆದು ಕತ್ತರಿಸುತ್ತಿದ್ದೆ, ಬ್ಲೌಸಿನ ತುಂಡು ಕತ್ತರಿಸಿದ ಹಾಗೆ. ಆಮೇಲೆ ಅವೂ ಅಚ್ಚು ಹಾಕಿದಂತೆ ಅಂಚೆಯಲ್ಲಿ ಬಂದವು. ಬಿಚ್ಚುವ ಮುಂಚೆ ಚಿತ್ರ ಬರೆದುಕೊಳ್ಳುವ ಬದಲು ಫೋನಿನಲ್ಲಿ ಫೋಟೋ. ಹೊಸದೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ನನ್ನ ಬೆರಳಿನ ಚರ್ಮ ಉಳಿದದ್ದು ಆ ಯಂತ್ರದಿಂದ. ಆದರೆ ಫೋಟೋದಲ್ಲಿ ತಿರುಪು ಎಷ್ಟು ಸಡಿಲವಿತ್ತು ಎಂಬುದು ಬರುವುದಿಲ್ಲ, ಸಾನ್ವಿ. ಬಿಚ್ಚುವಾಗ ಕೈಗೆ ಏನನಿಸಿತು ಎಂಬುದನ್ನು ಬಾಯಿಬಿಟ್ಟು ಹೇಳಿಕೋ.

ಇನ್ನು ಸೆಕಿನೆ-ಸಾನ್ ಅವರ ಕಾರು. ನಾನು ಕೆಲಸ ಬಿಡುವ ಮುಂಚೆ ಬಂದ ಕೊನೆಯ ದೊಡ್ಡ ಕೆಲಸ ಅದು.

ಕೆನೆ ಬಣ್ಣದ, ನಾಲ್ಕು ಬಾಗಿಲಿನ, ನಮ್ಮ ಅಡುಗೆಮನೆಗಿಂತ ಉದ್ದದ ಕಾರು. ಬೇಸಿಗೆಯ ಒಂದು ಬೆಳಿಗ್ಗೆ ಅದು ನಡೆದು ಹೋಗುವವರಿಗೆ ದಾರಿ ಬಿಡುತ್ತ, ಮೆಲ್ಲಗೆ ನಮ್ಮ ಗೇಟಿನೊಳಗೆ ಬಂತು. ಇಳಿದವರು ತೆಳ್ಳಗಿನ ಮುದುಕರು. ಜೀವಮಾನವೆಲ್ಲ ಟ್ಯಾಕ್ಸಿ ಓಡಿಸಿ ನಿವೃತ್ತರಾದವರು. ಬಾನೆಟ್ ಎತ್ತಿದರೆ ಸಾಲಾಗಿ ಮೂರು ಕಾರ್ಬ್ಯುರೇಟರ್. ಇಂಥದ್ದರಲ್ಲಿ ದಿನನಿತ್ಯದ ಓಡಾಟಕ್ಕೆಲ್ಲ ನಡುವಿನದೊಂದೇ ಸಾಕು. ಕಾಲನ್ನು ಒಂದು ಮಟ್ಟ ದಾಟಿ ಒತ್ತಿದಾಗ ಮಾತ್ರ ಆಚೆ ಈಚೆಯ ಎರಡೂ ತೆರೆದುಕೊಳ್ಳುತ್ತವೆ. ಸೆಕಿನೆ-ಸಾನ್ ಅವರ ಕಾರಿನಲ್ಲಿ ಆ ಎರಡನ್ನೂ ಜೋಡಿಸುವ ಸರಳನ್ನು ಹಿಂದಿನ ಮಾಲೀಕ ಯಾರೋ ಕಳಚಿ ಮುಚ್ಚಿಬಿಟ್ಟಿದ್ದ. ಅವರು ಕೊಂಡ ದಿನದಿಂದ ಅದು ಒಂದೇ ಕಾರ್ಬ್ಯುರೇಟರಿನಲ್ಲಿ ಓಡಿತ್ತು.

"ನವೆಂಬರ್‌ನಲ್ಲಿ ನನ್ನ ಹುಟ್ಟುಹಬ್ಬ," ಎಂದರು ಸೆಕಿನೆ-ಸಾನ್, ಟೊಪ್ಪಿಗೆ ಕೈಯಲ್ಲಿ ಹಿಡಿದು. "ಆವತ್ತು ಲೈಸೆನ್ಸ್ ಹಿಂದಿರುಗಿಸುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದೇನೆ. ಅಷ್ಟರೊಳಗೆ ಒಂದು ಸಲ, ನನ್ನ ಕಾಲಿನಿಂದ, ಮೂರೂ ತೆರೆಯಬೇಕು. ಒಂದು ಸಲ ಸಾಕು."

ಇಲ್ಲಿ ವಯಸ್ಸಾದವರು ಪೊಲೀಸ್ ಠಾಣೆಗೆ ಹೋಗಿ ತಾವಾಗಿಯೇ ಲೈಸೆನ್ಸ್ ಒಪ್ಪಿಸುವುದು ರೂಢಿ. ಅದರ ಹಿಂದೆ ಮನೆಯಲ್ಲಿ ಎಷ್ಟು ಮಾತುಕತೆ ನಡೆದಿರುತ್ತದೆ ಎಂಬುದು ಊಹಿಸಬಹುದಾದದ್ದೇ. ಓನಿಶಿ-ಸಾನ್ ಬಾಗಿ ಹೇಳಿದರು: "ಎಲೆ ಉದುರುವ ಮುಂಚೆ ಆಗುತ್ತದೆ."

ಆಗಲಿಲ್ಲ. ಮೂರನ್ನೂ ಬಿಚ್ಚಿದೆವು, ತೊಳೆದೆವು, ಸರಳನ್ನು ಹೊಸದಾಗಿ ಮಾಡಿಸಿ ಜೋಡಿಸಿದೆವು. ನೋಡಲು ಒಡವೆಯ ಹಾಗಿತ್ತು. ಎಂಜಿನ್ನು ಹಚ್ಚಿದರೆ ಮಾತ್ರ ನಿಂತಲ್ಲಿ ನೆಮ್ಮದಿಯಾಗಿ ಓಡಲೊಲ್ಲದು. ಏರುತ್ತದೆ, ಇಳಿಯುತ್ತದೆ, ನಡುಗಿ ನಿಲ್ಲುತ್ತದೆ. ಓನಿಶಿ-ಸಾನ್ ಗ್ಯಾಸ್ಕೆಟ್ ಬದಲಿಸಿದರು, ಕಿಡಿ ಹಾರಿಸುವ ಪ್ಲಗ್ ಬದಲಿಸಿದರು, ಕೊಳವೆಗಳಿಗೆಲ್ಲ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ವಾರಗಳು ಹೋದವು. ಸೆಕಿನೆ-ಸಾನ್ ಆಗಾಗ ಬರುತ್ತಿದ್ದರು. ಯಾವಾಗ ಆಗುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ. ಮೊದಲು ಪೇರುಹಣ್ಣಿನ ಚೀಲ ಕೊಟ್ಟು ಹೋದರು; ಆಮೇಲೆ ಚೆಸ್ಟ್‌ನಟ್. ಕಾಲ ಸರಿದು ಚೀಲದೊಳಗಿನ ಹಣ್ಣು ಬದಲಾದಾಗಲೆಲ್ಲ ಓನಿಶಿ-ಸಾನ್ ಮುಖ ಇನ್ನಷ್ಟು ಗಂಭೀರವಾಗುತ್ತಿತ್ತು.

ಒಂದು ಮಧ್ಯಾಹ್ನ ಅವರು ಸಾಮಾನಿನಂಗಡಿಗೆ ಹೋಗಿದ್ದಾಗ ನಾನು ಮತ್ತೆ ಬಿಚ್ಚಿಟ್ಟಿದ್ದ ಮೂರು ಕಾರ್ಬ್ಯುರೇಟರನ್ನೂ ಒಂದೊಂದಾಗಿ ಮೇಜಿನ ದೀಪದ ಮೇಲೆ ಹಿಡಿದು, ಮೇಲಿನಿಂದ ಇಣುಕಿದೆ. ಪ್ರತಿಯೊಂದರ ಗಂಟಲಲ್ಲೂ ನಾಣ್ಯದಂಥ ಹಿತ್ತಾಳೆ ಬಿಲ್ಲೆಗಳಿರುತ್ತವೆ, ಗಾಳಿಗೆ ಬಾಗಿಲು ಇದ್ದ ಹಾಗೆ. ಕಾಲು ಒತ್ತಿದರೆ ಅವು ವಾಲಿ ತೆರೆಯುತ್ತವೆ, ಬಿಟ್ಟರೆ ಮುಚ್ಚಿಕೊಳ್ಳುತ್ತವೆ. ನಡುವಿನದಕ್ಕೆ ಸ್ವಲ್ಪ ಸಂದಿಯಿದ್ದರೆ ತೊಂದರೆಯಿಲ್ಲ. ಆಚೆ ಈಚೆಯವು ಮಾತ್ರ ಪೂರ್ತಿ ಮುಚ್ಚಿಕೊಳ್ಳಬೇಕು, ಇಲ್ಲವಾದರೆ ಬೇಡದ ಗಾಳಿ ನುಗ್ಗಿ ಎಂಜಿನ್ನು ನಿಂತಲ್ಲಿ ತಡವರಿಸುತ್ತದೆ. ಅವೆರಡರಲ್ಲೂ ಬಿಲ್ಲೆಯ ಅಂಚಿನ ಸುತ್ತ ಬಿದಿಗೆ ಚಂದ್ರನಂಥ ಬೆಳಕಿನ ಗೆರೆ ಕಂಡಿತು. ಬಿಲ್ಲೆಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಹೊಳಪು ಕೊಟ್ಟವರು ಯಾರೆಂದು ಹೇಳಬೇಕಾಗಿಲ್ಲ.

ಓನಿಶಿ-ಸಾನ್‌ಗೆ ಇದನ್ನು ಹೇಗೆ ಹೇಳುವುದು? ನಮ್ಮಲ್ಲಾದರೆ ಕೂಗಿ ಕರೆದು ತೋರಿಸುತ್ತಿದ್ದೆವು. ಇಲ್ಲಿ ಹಾಗಲ್ಲ. ಅವರು ಬಂದ ಸದ್ದು ಕೇಳಿ, ಒಂದು ಕಾರ್ಬ್ಯುರೇಟರನ್ನು ಉರಿಯುವ ದೀಪದ ಮೇಲೆ ಹಾಗೇ ಇಟ್ಟು, ಟೀ ಮಾಡಲು ಒಳಗೆ ಹೋದೆ. ತಿರುಗಿ ಬಂದಾಗ ಅವರು ಅದರ ಮುಂದೆ ಕುಳಿತಿದ್ದರು.

"ಶೋಭಾ-ಸಾನ್, ನೀವು ಇದನ್ನು ನೋಡಿದಿರಾ?"

"ನೋಡಿದೆ."

"ಯಾವಾಗ?"

"ಟೀಗೆ ಮುಂಚೆ."

ಅವರು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ವಿವರಿಸಿದರು, ನನಗೋ ತಮಗೋ ತಿಳಿಯದು. ಬಿಲ್ಲೆಯ ಅಂಚನ್ನು ಕಾರ್ಖಾನೆಯವರು ಸ್ವಲ್ಪ ಓರೆಯಾಗಿ ಕತ್ತರಿಸಿರುತ್ತಾರೆ. ಅದರ ಮೇಲೆ ವರ್ಷಗಟ್ಟಲೆ ಕೂತ ಕಪ್ಪು ಮಸಿ ಉಂಗುರದ ಹಾಗೆ ಗಟ್ಟಿಯಾಗಿ ಸಂದಿಯನ್ನು ಮುಚ್ಚುತ್ತದೆ. ಅವರು ಉಜ್ಜಿ ಉಜ್ಜಿ ಮಸಿಯನ್ನೂ ತೆಗೆದಿದ್ದರು, ಓರೆ ಅಂಚನ್ನೂ ಸವೆಸಿದ್ದರು.

"ಕೊಳೆ ಎಂದುಕೊಂಡೆ," ಎಂದರು. "ಅದು ಕಾರಿನ ಭಾಗವಾಗಿತ್ತು."

ಬೇರೆ ದೇಶದ ಯಾವ ಗ್ಯಾರೇಜಿನಲ್ಲೂ ಈ ತಪ್ಪು ಆಗುತ್ತಿರಲಿಲ್ಲವೇನೋ. ಯಾರೂ ಅಷ್ಟು ಉಜ್ಜುತ್ತಿರಲಿಲ್ಲ.

ಮರುದಿನ ಓನಿಶಿ-ಸಾನ್ ಕಪ್ಪು ಸೂಟು ತೊಟ್ಟು, ಸಿಹಿ ತಿಂಡಿಯ ಡಬ್ಬಿ ಹಿಡಿದು ಸೆಕಿನೆ-ಸಾನ್ ಮನೆಗೆ ಹೊರಟರು. ಕ್ಷಮೆ ಕೇಳಲು ಫೋನ್ ಸಾಲದು, ಮನೆಗೇ ಹೋಗಬೇಕು, ಬರಿಗೈಯಲ್ಲಿ ಹೋಗಬಾರದು. ನಾನೂ ಜೊತೆಗೆ ಹೋದೆ. ಸೆಕಿನೆ-ಸಾನ್ ಅವರ ಮಗಳು ಮಾಯುಮಿ-ಸಾನ್ ಬಾಗಿಲು ತೆರೆದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ, ಮಾತಿನಲ್ಲಿ ಸುತ್ತುಬಳಸು ಇಲ್ಲದ ಹೆಂಗಸು. ಓನಿಶಿ-ಸಾನ್ ಚಾಪೆಯ ಮೇಲೆ ಹಣೆ ತಾಗುವಂತೆ ಬಾಗಿ, ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದರು.

"ಹಾಗಾದರೆ ಇಲ್ಲಿಗೇ ಬಿಟ್ಟುಬಿಡೋಣ ಅಪ್ಪ," ಎಂದರು ಮಾಯುಮಿ-ಸಾನ್. "ಕಾರು ಇದ್ದ ಹಾಗೇ ಇರಲಿ. ನೀವು ರಸ್ತೆಯಲ್ಲಿ ಜೋರಾಗಿ ಹೋಗುವುದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ."

ಸೆಕಿನೆ-ಸಾನ್ ಓನಿಶಿ-ಸಾನ್ ಕಡೆ ನೋಡಿದರು. "ಟ್ಯಾಕ್ಸಿಯಲ್ಲಿ ದಾರಿ ತಪ್ಪಿದರೆ ನಾನು ಮೀಟರ್ ನಿಲ್ಲಿಸಿ, ಸರಿಯಾದ ದಾರಿಗೆ ಬಂದು, ಮತ್ತೆ ಹಾಕುತ್ತಿದ್ದೆ. ನೀವೂ ಹಾಗೇ ಮಾಡಿ. ಇನ್ನೂ ನವೆಂಬರ್ ಬಂದಿಲ್ಲ."

ಅಂಥ ಬಿಲ್ಲೆಗಳು ಈಗ ಹೊಸದಾಗಿ ಸಿಗುತ್ತವೆ, ಆದರೆ ಓನಿಶಿ-ಸಾನ್ ಅವನ್ನು ನಂಬಲಿಲ್ಲ. ಹಳೆಯವೇ ಬೇಕು. ಅಮೆರಿಕದಲ್ಲಿ ಗುಜರಿ ಕಾರುಗಳ ಭಾಗ ಮಾರುವ ಒಬ್ಬ ಅಜ್ಜನಿಗೆ ನಾನು ಆಗಾಗ ಪತ್ರ ಬರೆಯುತ್ತಿದ್ದೆ. ಇದ್ದುದರಲ್ಲಿ ಅತ್ಯಂತ ಕೊಳಕಾದ, ಒಮ್ಮೆಯೂ ತೊಳೆಯದ ಬಿಲ್ಲೆಗಳನ್ನು ದಯವಿಟ್ಟು ಕಳುಹಿಸಿ ಎಂದು ಕಾನ್ವೆಂಟಿನ ಸೊಗಸಾದ ಇಂಗ್ಲಿಷಿನಲ್ಲಿ ಬರೆದೆ. ಉತ್ತರ ಬಂತು: "ತಾಯಿ, ಜಪಾನಿನವರು ನನ್ನ ಹತ್ತಿರ ಬಗೆಬಗೆಯದು ಕೇಳಿದ್ದಾರೆ. ಕೊಳೆ ಕೇಳಿದವರು ನೀವೇ ಮೊದಲು. ಬೇಕಾದಷ್ಟಿದೆ, ಕಳುಹಿಸುತ್ತೇನೆ."

ಪೊಟ್ಟಣ ಸಮುದ್ರ ದಾಟಿ ಬರುವುದರೊಳಗೆ ಸೆಕಿನೆ-ಸಾನ್ ಮತ್ತೊಮ್ಮೆ ಬಂದರು. ಈ ಸಲ ಬಸ್ಸಿನಲ್ಲಿ, ಪರ್ಸಿಮನ್ ಹಣ್ಣಿನ ಚೀಲ ಹಿಡಿದು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಿನ್ನೆ ಠಾಣೆಗೆ ಹೋಗಿ ಒಪ್ಪಿಸಿಬಿಟ್ಟೆ," ಎಂದರು.

ಅವರ ಮನೆಯ ಹತ್ತಿರದ ಶಾಲೆಯ ಮುಂದೆ, ಮಗಳ ಚಿಕ್ಕ ಕಾರನ್ನು ಓಡಿಸಿಕೊಂಡು ಹೋಗುತ್ತಿದ್ದಾಗ, ರಸ್ತೆ ದಾಟುವ ಬಿಳಿ ಗೆರೆಯ ಮೇಲೆ ಒಂದು ಮಗು ಬಂತಂತೆ. ಬ್ರೇಕ್ ಹಾಕಿದರು, ಕಾರು ನಿಂತಿತು, ಮಗುವಿಗೆ ಏನೂ ಆಗಲಿಲ್ಲ, ಅದು ಇವರಿಗೆ ತಲೆಬಾಗಿಸಿ ವಂದಿಸಿಯೇ ದಾಟಿತು. "ಆದರೆ ಕಾರು ನಿಂತದ್ದು ಗೆರೆಯ ಮೇಲೆ," ಎಂದರು. "ಗೆರೆಗೆ ಮುಂಚೆ ಅಲ್ಲ. ನನ್ನ ಕಾಲು ಎಂದೂ ಹಾಗೆ ಮಾಡಿರಲಿಲ್ಲ. ನವೆಂಬರ್ ತನಕ ಕಾಯುವುದು ಸರಿಯಲ್ಲ."

ಓನಿಶಿ-ಸಾನ್, "ಕಾರು ಮುಗಿಸಿಯೇ ಕೊಡುತ್ತೇನೆ. ನಾನು ಓಡಿಸುತ್ತೇನೆ, ನೀವು ಪಕ್ಕದಲ್ಲಿ ಕುಳಿತು ಕೇಳಿ," ಎಂದರು.

ಸೆಕಿನೆ-ಸಾನ್ ಮುಗುಳ್ನಕ್ಕರು. "ನನ್ನ ಟ್ಯಾಕ್ಸಿಯಲ್ಲಿ ಕುಳಿತವರೆಷ್ಟೋ ಮಂದಿ. ಓಡಿಸಿದವನು ನಾನೊಬ್ಬನೇ. ಕುಳಿತವರಿಗೆ ಏನೂ ತಿಳಿಯುವುದಿಲ್ಲ, ಓನಿಶಿ-ಸಾನ್. ಅದು ಕಾಲಿಗೆ ತಿಳಿಯುವ ವಿಷಯ." ಹಣ್ಣಿನ ಚೀಲ ಮೇಜಿನ ಮೇಲಿಟ್ಟು ಬಸ್ಸಿಗೆ ಹೊರಟರು.

ಬಿಲ್ಲೆಗಳು ಬಂದವು, ಅಂಟಂಟಾದ ಹಳೆ ಪತ್ರಿಕೆಯಲ್ಲಿ ಸುತ್ತಿ. ಓನಿಶಿ-ಸಾನ್ ಪೊಟ್ಟಣದ ಮುಂದೆ ನಿಂತಾಗ ಅವರ ಕೈ ತಾನಾಗಿ ಹಿಂದಿನ ಜೇಬಿನ ಬಟ್ಟೆಗೆ ಹೋಯಿತು.

"ಮೇಲಿನ ಧೂಳು ಮಾತ್ರ?"

"ಬೇಡ," ಎಂದೆ.

"ಊದಬಹುದೇ?"

"ಊದಿ."

ಒಂದೊಂದನ್ನೇ ಕೂರಿಸಿ, ದೀಪಕ್ಕೆ ಹಿಡಿದು, ಬೆಳಕು ಕಾಣದವನ್ನು ಆರಿಸಿಕೊಂಡೆವು. ಎಂಜಿನ್ನು ಹಚ್ಚಿದರೆ, ಇಷ್ಟು ದಿನ ಸತಾಯಿಸಿದ್ದು ಇದೇನಾ ಎನ್ನುವಂತೆ ನಿಂತಲ್ಲಿ ಸಮಾಧಾನವಾಗಿ ಗುಡುಗುಟ್ಟಿತು. ಮೇಲಿಟ್ಟ ಲೋಟದ ನೀರು ಚೆಲ್ಲಲಿಲ್ಲ. ನಮ್ಮಿಬ್ಬರಿಗೂ ಸಂತೋಷವಾಗಲಿಲ್ಲ. ಇಷ್ಟಾಗಿ ಅದನ್ನು ಒತ್ತಬೇಕಾದ ಕಾಲು ಬಸ್ಸಿನಲ್ಲಿ ಓಡಾಡುತ್ತಿತ್ತು.

ಕೆಲವು ದಿನ ಕಳೆದು ಓನಿಶಿ-ಸಾನ್ ನನ್ನ ಮುಂದೆ ಒಂದು ಜಾಹೀರಾತಿನ ಹಾಳೆ ಇಟ್ಟರು. ಪಕ್ಕದ ಊರು ತ್ಸುಚಿಯುರಾ ಕಡೆ ಹೊಸ ಹುಡುಗರು ನಡೆಸುವ ಗ್ಯಾರೇಜಿನದು. ಅಲ್ಲೊಂದು ರೋಲರ್ ಯಂತ್ರವಿತ್ತು. ನೆಲದೊಳಗೆ ಉರುಳೆಗಳು, ಅವುಗಳ ಮೇಲೆ ಕಾರಿನ ಹಿಂದಿನ ಚಕ್ರ. ಕಾರನ್ನು ಪಟ್ಟಿಗಳಿಂದ ಬಿಗಿದು ಓಡಿಸಿದರೆ ಚಕ್ರ ತಿರುಗುತ್ತದೆ, ಉರುಳೆ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಎಂಜಿನ್ನಿನ ಬಲವನ್ನು ಕಂಪ್ಯೂಟರ್ ಅಳೆಯುತ್ತದೆ. ಓನಿಶಿ-ಸಾನ್‌ಗೆ ಆ ಯಂತ್ರ ಕಂಡರಾಗುತ್ತಿರಲಿಲ್ಲ. ಕಿವಿ ಇಲ್ಲದವರ ಸಾಧನ ಎನ್ನುತ್ತಿದ್ದರು.

"ಕಾರು ರಸ್ತೆಯ ಮೇಲೆ ಇರುವುದಿಲ್ಲ," ಎಂದರು ಈಗ. "ಲೈಸೆನ್ಸ್ ಬೇಕಾಗುವುದಿಲ್ಲ. ಫೋನ್ ಮಾಡಿ ವಿಚಾರಿಸಿದ್ದೇನೆ."

ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋದೆವು. ಮಾಯುಮಿ-ಸಾನ್ ತಂದೆಯನ್ನು ತಮ್ಮ ಕಾರಿನಲ್ಲಿ ಕರೆತಂದರು. ಸೆಕಿನೆ-ಸಾನ್ ಬಿಳಿಯ ಕೈಗವಸು ತೊಟ್ಟಿದ್ದರು, ಟ್ಯಾಕ್ಸಿಯವರು ತೊಡುವಂಥವು, ಒಗೆದು ಇಸ್ತ್ರಿ ಮಾಡಿದವು. ಯಂತ್ರ ನಡೆಸುವವರು ಪಟ್ಟಿ ಬಿಗಿದು, ಹೊಗೆಯ ಕೊಳವೆ ಹಾಕಿ, ಮುಂದೆ ದೊಡ್ಡ ಫ್ಯಾನ್ ಇಟ್ಟರು. ಬಾನೆಟ್ ತೆರೆದೇ ಇತ್ತು. ನಾನು ಪಕ್ಕಕ್ಕೆ ಸರಿದು, ಮೂರು ಕಾರ್ಬ್ಯುರೇಟರಿನ ಸರಳು ಕಾಣುವ ಕಡೆ ನಿಂತೆ.

ಚಕ್ರ ತಿರುಗಿತು. ಮೊದಲ ಗೇರು, ಎರಡನೆಯದು. ಎಂಜಿನ್ನು ಬೆಣ್ಣೆಯ ಹಾಗೆ ಓಡಿತು. ನಡುವಿನ ಕಾರ್ಬ್ಯುರೇಟರಿನ ತೋಳು ಮೆಲ್ಲಗೆ ಆಡುತ್ತಿತ್ತು, ಆಚೆ ಈಚೆಯವು ಅಲುಗಲಿಲ್ಲ. ಓನಿಶಿ-ಸಾನ್ ಕೈಯಿಂದ 'ಇನ್ನೂ, ಇನ್ನೂ' ಎಂದು ಸನ್ನೆ ಮಾಡಿದರು. ಸೆಕಿನೆ-ಸಾನ್ ತಲೆಯಾಡಿಸಿದರು. ವೇಗ ಸ್ವಲ್ಪ ಏರಿತು, ಊರೊಳಗಿನ ರಸ್ತೆಯಲ್ಲಿ ಎಷ್ಟು ಹೋಗಬಹುದೋ ಅಷ್ಟಕ್ಕೆ ಬಂದು ಅಲ್ಲೇ ನಿಂತಿತು. ಅವರು ನಿಲ್ಲಿಸಿ, ಮತ್ತೆ ಹೊರಟರು. ಮತ್ತೆ ಅಷ್ಟೇ. ಮುಖ ಬೆವರಿತ್ತು.

"ಕಾಲು ಹೋಗುತ್ತಿಲ್ಲ," ಎಂದರು ಕಿಟಕಿಯಿಂದ. "ನಾನು ಹೇಳುತ್ತಿದ್ದೇನೆ, ಅದು ಕೇಳುತ್ತಿಲ್ಲ."

ಓನಿಶಿ-ಸಾನ್ ಸರಳಿನ ಜೋಡಣೆ ನೋಡಲು ಮುಂದೆ ಬಂದರು. ಸರಳಿನಲ್ಲಿ ದೋಷವಿರಲಿಲ್ಲ, ಅವರಿಗೂ ಗೊತ್ತಿತ್ತು. ಆಗ ಮಾಯುಮಿ-ಸಾನ್ ಗೋಡೆಯ ಬಳಿಯಿಂದ ನಡೆದು ಬಂದು ಕಿಟಕಿಗೆ ಬಗ್ಗಿದರು.

"ಅಪ್ಪ, ಹಿಂದೆ ತಿರುಗಿ ನೋಡಿ."

ಅವರು ತಿರುಗಿದರು.

"ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ."

ಅವರು ಖಾಲಿ ಸೀಟನ್ನು ಒಂದು ಗಳಿಗೆ ನೋಡಿದರು. ಮುಂದೆ ತಿರುಗಿದರು. ಮಾಯುಮಿ-ಸಾನ್ ದೂರ ಸರಿದ ಮೇಲೆ ಗೇರು ಹಾಕಿದರು. ನಡುವಿನ ತೋಳು ಏರಿತು, ಇನ್ನೂ ಏರಿತು, ಆಮೇಲೆ ಆಚೆ ಈಚೆಯ ಎರಡೂ ಒಟ್ಟಿಗೆ ವಾಲಿದವು. ಕೊಳಕು ಬಿಲ್ಲೆಗಳು ನೆಟ್ಟಗೆ ನಿಂತು ಮೂರು ಗಂಟಲೂ ಬಾಯಿ ತೆರೆದದ್ದು ಒಳಗೆ 'ಹೋ' ಎಂದು ಗಾಳಿ ನುಗ್ಗಿದ್ದರಿಂದಲೇ ತಿಳಿಯಿತು. ನೆಲದ ನಡುಕ ನನ್ನ ಚಪ್ಪಲಿಯವರೆಗೆ ಬಂತು. ಆ ಉದ್ದನೆಯ ಕಾರು ಪಟ್ಟಿಯಲ್ಲಿ ಜಗ್ಗುತ್ತ ಒಂದು ಅಂಗುಲವೂ ಮುಂದೆ ಹೋಗದೆ ಓಡಿತು. ಸೆಕಿನೆ-ಸಾನ್ ಬೆನ್ನು ನೆಟ್ಟಗಿತ್ತು. ಎರಡೂ ಕೈ ಸ್ಟೀರಿಂಗಿನ ಮೇಲೆ, ಕಣ್ಣು ಎದುರಿನ ಬರಿ ಗೋಡೆಯ ಮೇಲೆ.

ಸಾಕೆನಿಸಿದಾಗ ಕಾಲು ಹಗುರ ಮಾಡಿದರು. ಎಡ ತಿರುವಿನ ದೀಪ ಹಾಕಿದರು, ಕನ್ನಡಿ ನೋಡಿದರು, ಮೆಲ್ಲಗೆ ನಿಲ್ಲಿಸಿದರು. ಆಮೇಲೆ ಅವರ ಬಲಗೈ ಸೀಟಿನ ಪಕ್ಕ ಕೆಳಗೆ ಹೋಗಿ ಏನನ್ನೋ ತಡಕಿತು. ಇಲ್ಲಿನ ಟ್ಯಾಕ್ಸಿಗಳಲ್ಲಿ ಹಿಂದಿನ ಬಾಗಿಲನ್ನು ಚಾಲಕರೇ ಕುಳಿತಲ್ಲಿಂದ ಒಂದು ಹಿಡಿ ಎಳೆದು ತೆರೆಯುತ್ತಾರೆ. ಈ ಕಾರಿನಲ್ಲಿ ಅದು ಇರಲಿಲ್ಲ.

ಅದನ್ನು ಮಾಯುಮಿ-ಸಾನ್ ಕೂಡ ನೋಡಿದರು. ಅವರೇ ಹೋಗಿ ಹಿಂದಿನ ಬಾಗಿಲು ತೆರೆದು ಒಳಗೆ ಕುಳಿತರು.

"ಚಾಲಕರೇ, ಇನ್ನೊಂದು ಸುತ್ತು," ಎಂದರು.

ಯಂತ್ರ ನಡೆಸುವವರು ಓಡಿ ಬಂದರು. "ಸುಮಿಮಾಸೆನ್, ಕ್ಷಮಿಸಿ, ಜೋರಾಗಿ ಓಡಿಸುವಾಗ ಒಳಗೆ ಇನ್ನೊಬ್ಬರು ಇರುವಂತಿಲ್ಲ!"

"ಜೋರಾಗಿ ಓಡಿಸುವುದಿಲ್ಲ," ಎಂದರು ಮಾಯುಮಿ-ಸಾನ್, ಬಾಗಿಲು ಎಳೆದುಕೊಂಡು.

ಅವರು ಹೇಳಿದ್ದು ಸರಿಯಾಗಿತ್ತು. ನಾನು ಸರಳಿನ ಮೇಲೆ ಕಣ್ಣಿಟ್ಟು ನಿಂತಿದ್ದೆ. ಆ ಸುತ್ತಿನಲ್ಲಿ ಆಚೆ ಈಚೆಯ ಎರಡೂ ಅಲುಗಲೇ ಇಲ್ಲ.